ಮನೇಲಿ ಮಾಡಿದ ಮರದ ದೋಣಿ, ಕೆರೆಯೊಳಗಿನ ಜಾಲಿ ಬೊಡ್ಡೆ: ಗೊತ್ತಿದ್ದೋರು ಹೇಳಿ

ಉಳಿಬಾಚಿ, ಗುಬ್ಬಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಬಾಗಿಲು, ಕಿಟಕಿ, ಮಂಚ ಮಾಡೋದು ನನ್ನ ಕಸುಬು. ಮಳೆಗಾಲದಲ್ಲಿ ಕೆಲಸ ಕಮ್ಮಿ ಇದ್ದಾಗ ಒಂದು ದೋಣಿ ಮಾಡಿದೆ. ನಮ್ಮೂರ ಕೆರೆಗೆ ಹೇಮಾವತಿ ನಾಲೆ ನೀರು ಬಂದಿದೆ, ಮಳೆಯೂ ಕೈ ಹಿಡೀತು, ಕೋಡಿಗೆ ಒಂದು ಗೇಣು ಬಾಕಿ. ನಾನು ಚಿಕ್ಕವನಿದ್ದಾಗ ಈ ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡ್ತಿದ್ವಿ. ಅದೇ ಜಾಗದಲ್ಲಿ ಈಗ ಎರಡಾಳು ನೀರು. ಅದರ ಮೇಲೆ ಹೋಗಿ ನೋಡಬೇಕು ಅನ್ನೋ ಆಸೆ ತಡೆಯಕ್ಕಾಗಲಿಲ್ಲ.

ದೋಣಿ 15 ಅಡಿ ಉದ್ದ, ನಡುವೆ 32 ಇಂಚು ಅಗಲ, 12 ಇಂಚು ಆಳ. 6 ಮಿ.ಮೀ. ಮರೈನ್ ಪ್ಲೈವುಡ್, ಎರಡೂವರೆ ಶೀಟ್ ಹಿಡೀತು. ತಳಕ್ಕೆ ಒಂದು, ಪಕ್ಕಕ್ಕೆ ಎರಡು ಹಲಗೆ, ಅಷ್ಟೇ. ಶೀಟು 8 ಅಡಿ ತಾನೇ ಇರೋದು, ಅದಕ್ಕೆ ಎರಡರ ತುದಿಯನ್ನೂ ಓರೆಯಾಗಿ ತೋಪಡ ಹೊಡೆದು ಒಂದರ ಮೇಲೊಂದು ಕೂರಿಸಿ ಅಂಟಿಸಿದೆ. ದಪ್ಪದ 8 ಪಟ್ಟು ಓರೆ ಬೇಕು, ಅಂದ್ರೆ 6 ಮಿ.ಮೀ.ಗೆ 48 ಮಿ.ಮೀ., ಹತ್ತತ್ರ ಎರಡು ಇಂಚು. ಓರೆ ಸರಿಯಾಗಿ ಬಂದಿದೆಯಾ ಅಂತ ಪ್ಲೈನ ಪದರುಗಳೇ ಹೇಳ್ತವೆ. ತೋಪಡ ಹೊಡೀತಾ ಹೋದ ಹಾಗೆ ಕಂದು, ಬಿಳಿ, ಕಂದು ಅಂತ ಪಟ್ಟೆ ಕಾಣುತ್ತೆ. ಪಟ್ಟೆ ನೇರ ಇದ್ರೆ ಓರೆ ಸರಿ, ಹಾವಿನ ಥರ ಡೊಂಕಾದ್ರೆ ತಪ್ಪು. ನನಗೆ ಮೊದಲನೇದು ಹಾವಾಯ್ತು. ಕತ್ತರಿಸಿ ಮತ್ತೆ ಮಾಡಿದೆ.

ಆಮೇಲೆ ಅಂಚಿನುದ್ದಕ್ಕೂ ನಾಲ್ಕು ನಾಲ್ಕು ಇಂಚಿಗೆ ತೂತು ಕೊರೆದು, ಮೋಟರ್ ರಿವೈಂಡಿಂಗ್ ಅಂಗಡಿಯಿಂದ ತಂದ ತಾಮ್ರದ ತಂತಿಯಲ್ಲಿ ಹೊಲಿದೆ. ಗೋಣಿಚೀಲ ಹೊಲಿದ ಹಾಗೇನೇ. ಹೊಲಿಗೆ ಬಿಗಿ ಮಾಡ್ತಾ ಬಂದಾಗ ಚಪ್ಪಟೆ ಹಲಗೆಗಳು ತಾವಾಗೇ ಎದ್ದು ಬಾಗಿ ದೋಣಿಯ ಆಕಾರಕ್ಕೆ ಬರ್ತವೆ. ಇಪ್ಪತ್ತು ವರ್ಷದಿಂದ ಮರ ಮುಟ್ಟಿರೋ ನನಗೂ ಅವತ್ತು ಮೈ ಜುಂ ಅಂತು. ಒಳಮೂಲೆಗೆ ಇಪಾಕ್ಸಿ ಅಂಟಿಗೆ ನುಣುಪಾದ ಮರದ ಹೊಟ್ಟು ಕಲಸಿ, ಚಮಚದ ಬೆನ್ನಲ್ಲಿ ಬಳಿದು, ಅದರ ಮೇಲೆ ಗ್ಲಾಸ್ ಬಟ್ಟೆ ಪಟ್ಟಿ. ಒಣಗಿದ ಮೇಲೆ ತಂತಿ ಕಿತ್ತೆ. ಎರಡೂ ತುದಿಗೆ ಥರ್ಮಾಕೋಲ್ ತುಂಬಿ ಹಲಗೆ ಮುಚ್ಚಿದೆ. ಒಟ್ಟು ತೂಕ 34 ಕೆ.ಜಿ. ಇಬ್ಬರು ಆರಾಮಾಗಿ ಏರಿ ಮೇಲೆ ಹೊತ್ಕೊಂಡು ಹೋಗಬಹುದು.

ಈಗ ತೊಂದರೆ ಹೇಳ್ತೀನಿ. ಮೂರನೇ ಸಲ ಹೋದಾಗ ಅಕ್ಕನ ಮಗ ಮುಂದೆ ಕೂತಿದ್ದ, ಹತ್ತನೇ ಕ್ಲಾಸು. ಕೆರೆಯ ಪಡುವಣ ಕಡೆ ನೀರೊಳಗೆ ಇದ್ದ ಜಾಲಿ ಬೊಡ್ಡೆ ಮೇಲೆ ದೋಣಿ ಮೂತಿ ಹತ್ತಿಬಿಡ್ತು. ಹುಡುಗ ಹೆದರಿ ಎದ್ದು ನಿಂತ. ಅಷ್ಟೇ, ಮಗುಚಿತು. ಇಬ್ಬರಿಗೂ ಲೈಫ್ ಜಾಕೆಟ್ ಇತ್ತು. ನೀರು ಎದೆಮಟ್ಟ, ಆದ್ರೆ ಕಾಲೂರಿದರೆ ಗೋಡುಮಣ್ಣಲ್ಲಿ ಮೊಣಕಾಲ ತನಕ ಹೂತುಹೋಗುತ್ತೆ. ಒಂದು ಕಾಲು ಕಿತ್ತರೆ ಇನ್ನೊಂದು ಇಳಿಯುತ್ತೆ. ಅಂಗಾಲಿಗೆ ಮುಳ್ಳೂ ಹೊಕ್ಕಿತು. ಥರ್ಮಾಕೋಲ್ ಇದ್ದಿದ್ದಕ್ಕೆ ದೋಣಿ ಬೋರಲಾಗೇ ತೇಲ್ತಿತ್ತು. ಅದನ್ನ ತಬ್ಬಿಕೊಂಡು ಕಾಲು ಬಡೀತಾ ದಡ ಸೇರಿದ್ವಿ. ತಳದಲ್ಲಿ ಒಂದು ಗೇಣು ಮೇಲ್ಪದರ ಕಿತ್ತುಬಂದಿದೆ.

ನನ್ನ ಪ್ರಶ್ನೆ ಎರಡು. ತಳ ಗಟ್ಟಿ ಮಾಡೋದು ಹೇಗೆ? ನೀರೊಳಗಿನ ಬೊಡ್ಡೆ ಮೊದಲೇ ಗೊತ್ತು ಮಾಡ್ಕೊಳ್ಳೋದು ಹೇಗೆ?

ಗುಳುಮುಳುಕ, ಚಿಕ್ಕಬಳ್ಳಾಪುರ

ಅಣ್ಣಾ, ಇಬ್ಬರೂ ಹುಷಾರಾಗಿ ಬಂದಿದ್ದು ದೇವರ ದಯೆ. ಎರಡನೇದಕ್ಕೆ ನನಗೆ ಗೊತ್ತಿರೋದು: ನಾನು ಹಕ್ಕಿ ನೋಡೋನು. ನಟ್ಟನಡು ನೀರಲ್ಲಿ ನೀರುಕಾಗೆ ರೆಕ್ಕೆ ಹರಡಿ ಬಿಸಿಲು ಕಾಯಿಸ್ತಾ ಕೂತಿದೆ ಅಂದ್ರೆ ಅದರ ಕಾಲ ಕೆಳಗೆ ಕಡ್ಡಿ ಇದೆ, ಕಡ್ಡಿ ಕೆಳಗೆ ಮರ ಇದೆ. ಒಂದು ವಾರ ಏರಿ ಮೇಲೆ ಕೂತು ಅವು ಎಲ್ಲೆಲ್ಲಿ ಕೂರ್ತವೆ ಅಂತ ಗುರುತು ಹಾಕಿಕೊಳ್ಳಿ. ಸೂರ್ಯ ಬೆನ್ನ ಹಿಂದೆ ಇರೋ ಹಾಗೆ ಹೊರಡಿ, ಎದುರು ಬಿಸಿಲಿದ್ರೆ ನೀರು ಕನ್ನಡಿ ಆಗಿಬಿಡುತ್ತೆ, ಒಳಗೇನೂ ಕಾಣಲ್ಲ.

ಒಂದು ಬೇಡಿಕೆ. ಚಳಿಗಾಲದಲ್ಲಿ ಹೊರಗಿನಿಂದ ಬಂದ ಬಾತುಗಳು ಹಿಂಡಾಗಿ ಕೂತಿರೋ ಕಡೆ ದೋಣಿ ಹೊಡೀಬೇಡಿ. ಒಂದು ಸಲ ಎಬ್ಬಿಸಿದ್ರೆ ಇಡೀ ಹಿಂಡು ಏಳುತ್ತೆ. ಶಿರಾ ತಾಲ್ಲೂಕಿನ ಕಗ್ಗಲಡು ನೋಡಿದೀರಲ್ಲ, ಊರ ಹುಣಸೆಮರದಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟಿದ್ರೆ ಊರಿನೋರೇ ಕಾಯ್ತಾರೆ. ನಮ್ಮ ಕೆರೆಯಲ್ಲೂ ಅಷ್ಟು ಮರ್ಯಾದೆ ಇರಲಿ.

ಶಿರಾಗೇಟ್ ಪ್ಲೈ, ತುಮಕೂರು

ಪ್ಲೈ ವ್ಯಾಪಾರ ಮಾಡೋನಾಗಿ ಹೇಳ್ತಿದೀನಿ. ಮೇಲ್ಪದರ ಕಿತ್ತುಬಂತು ಅಂದ್ರಲ್ಲ, ಶೀಟ್ ಮೇಲೆ ಗುಣಮಟ್ಟದ ನಂಬರು ಐಎಸ್ 710 ಅಂತ ಇತ್ತಾ, ಐಎಸ್ 303 ಅಂತ ಇತ್ತಾ? 303 ಮನೆ ಕಪಾಟಿಗೆ. ನೀರಲ್ಲಿ ನೆನೆಯೋದಕ್ಕೆ 710 ಬೇಕು, ಅದರ ಅಂಟು 72 ಗಂಟೆ ಕುದಿಸಿದರೂ ಬಿಡಬಾರದು ಅನ್ನೋದೇ ಪರೀಕ್ಷೆ. ಮಾರ್ಕೆಟ್ಟಲ್ಲಿ ಸೀಲು ಮಾತ್ರ 710 ಇರೋ ಶೀಟುಗಳೂ ಬರ್ತವೆ. ಮಿಕ್ಕಿರೋ ಚೂರು ತಗೊಂಡು ಒಂದು ದಿನ ಪಾತ್ರೇಲಿ ಕುದಿಸಿ, ಒಣಗಿಸಿ, ಮತ್ತೆ ಕುದಿಸಿ. ಉಳಿ ತುದಿ ಹಾಕಿ ಮೀಟಿದಾಗ ಮರದ ನಾರು ಹರಿದು ಬಂದ್ರೆ ಒಳ್ಳೇದು. ಪದರ ಚಪಾತಿ ಥರ ಸಲೀಸಾಗಿ ಬಿಟ್ಟುಕೊಂಡ್ರೆ ಆ ದೋಣೀಲಿ ಮಕ್ಕಳನ್ನ ಕೂರಿಸಬೇಡಿ.

ತಳಕ್ಕೆ: ಹೊರಗಡೆ ಪೂರ್ತಿ ಒಂದು ಪದರ ಗ್ಲಾಸ್ ಬಟ್ಟೆ, ಇಪಾಕ್ಸೀಲೇ. ಅಗ್ಗದ ಪಾಲಿಯೆಸ್ಟರ್ ರೆಸಿನ್ ಹಾಕಬೇಡಿ, ಅದು ಮರಕ್ಕೆ ಅಷ್ಟು ಹಿಡಿಯಲ್ಲ, ಎರಡು ಮಳೆಗಾಲಕ್ಕೆ ಹೊಪ್ಪಳಿಕೆ ಎದ್ದು ಬರುತ್ತೆ. ಅದರ ಮೇಲೆ ಉದ್ದುದ್ದಕ್ಕೆ ಮೂರು ಮರದ ರೀಪರ್ ಪಟ್ಟಿ. ಬೊಡ್ಡೆಗೆ ಉಜ್ಜಿದ್ರೆ ರೀಪರ್ ಸವೆಯಲಿ, ಪ್ಲೈ ಉಳೀಲಿ. ಸವೆದಾಗ ಬದಲಾಯಿಸಿ.

ಉಳಿಬಾಚಿ, ಗುಬ್ಬಿ ತಾಲ್ಲೂಕು

ಸರ್, 710 ಅಂತಲೇ ಕೊಂಡಿದ್ದು. ನೀವು ಹೇಳಿದ ಮೇಲೆ ಇವತ್ತು ಚೂರು ಒಲೆ ಮೇಲೆ ಇಟ್ಟಿದೀನಿ. ಇಪಾಕ್ಸಿ ಬಗ್ಗೆ ಹೊಸದಾಗಿ ಮಾಡೋರಿಗೆ ಒಂದು ಮಾತು: ಒಂದೇ ಮಗ್ಗಿನಲ್ಲಿ ಜಾಸ್ತಿ ಕಲಸಬೇಡಿ. ನಾನು ಅರ್ಧ ಲೀಟರ್ ಕಲಸಿ ಪಕ್ಕಕ್ಕಿಟ್ಟು ಪಟ್ಟಿ ಕತ್ತರಿಸ್ತಾ ಇದ್ದೆ, ಹತ್ತು ನಿಮಿಷಕ್ಕೆ ಮಗ್ಗು ಕೈಗೆ ಸುಡೋ ಹಾಗಾಗಿ ಹೊಗೆ ಬಂತು. ಗುಡ್ಡೆಯಾಗಿದ್ರೆ ತನ್ನ ಕಾವಿಗೆ ತಾನೇ ಬೇಯುತ್ತೆ. ಅಗಲ ತಟ್ಟೆಗೆ ಸುರಿದುಕೊಂಡು ಸ್ವಲ್ಪ ಸ್ವಲ್ಪ ಬಳೀಬೇಕು. ಕೈಗೆ ಗ್ಲೌಸ್ ಬೇಕೇ ಬೇಕು. ಬಿಸಿಲಿಗೆ ಇಪಾಕ್ಸಿ ಹಳದಿಯಾಗಿ ಬಿರುಕು ಬಿಡುತ್ತೆ, ಮೇಲೆ ವಾರ್ನಿಶ್ ಕೋಟು ತಪ್ಪಿಸಬೇಡಿ.

ಇಬ್ಬರ ತಾಯಿ, ತಿಪಟೂರು

ಎಲ್ಲ ಓದಿದೆ. ಅಂಟು, ಹಲಗೆ ಎಲ್ಲಾ ಸರಿ ಅಣ್ಣ, ಆದ್ರೆ ಹುಡುಗನನ್ನ ಮೂರನೇ ಸಲಕ್ಕೇ ಕೂರಿಸಿಕೊಂಡು ಹೋಗಿದ್ದು ನನಗೆ ಸರಿ ಕಾಣಲಿಲ್ಲ. ಅವನಿಗೆ ಈಜು ಬರುತ್ತಾ? ಬೇಜಾರು ಮಾಡ್ಕೋಬೇಡಿ. ಪ್ರತಿ ಬೇಸಿಗೆ ರಜೆಯಲ್ಲೂ ಪೇಪರಲ್ಲಿ ಓದ್ತೀವಿ, ಕೆರೆಗೆ, ಕೃಷಿಹೊಂಡಕ್ಕೆ ಬಿದ್ದ ಮಕ್ಕಳ ಸುದ್ದಿ.

ಉಳಿಬಾಚಿ, ಗುಬ್ಬಿ ತಾಲ್ಲೂಕು

ಅಕ್ಕಾ, ಬೇಜಾರಿಲ್ಲ, ನೀವು ಕೇಳಿದ್ದು ನ್ಯಾಯ. ಅವನಿಗೆ ಈಜು ಬರಲ್ಲ. ಎದ್ದು ನಿಲ್ಲಬಾರದು ಅಂತ ನಾನು ಬಾಯಲ್ಲಿ ಹೇಳಿದ್ದೆ, ದಡದ ಹತ್ತಿರ ಬೇಕಂತಲೇ ಮಗುಚಿ ತೋರಿಸಿರಲಿಲ್ಲ. ಅದು ನನ್ನ ತಪ್ಪು. ಈಗ ಸೊಂಟಮಟ್ಟದ ನೀರಲ್ಲಿ, ಗಟ್ಟಿ ಮರಳು ಇರೋ ಕಡೆ, ಅವನೇ ಹತ್ತು ಸಲ ಮಗುಚಿ ಹತ್ತು ಸಲ ಹತ್ತಿದ್ದಾನೆ. ಈಜೂ ಕಲಿಸ್ತಿದೀನಿ, ಅಕ್ಕ ದಡದಲ್ಲಿ ಕೂತಿರ್ತಾಳೆ. ಜಾಕೆಟ್ ಹಾಕದೆ ದೋಣಿಗೆ ಕಾಲಿಡೋ ಹಾಗಿಲ್ಲ, ನಾನೂ ಸೇರಿ.

ಕೆಂಪುಮಣ್ಣು, ಕೋಲಾರ

ಈಜು ಬರಲ್ಲ ಅನ್ನೋ ಮಾತಿಗೆ ನಾನೊಂದು ಹೇಳಬೇಕು. ನಮ್ಮ ಜಿಲ್ಲೇಲಿ ಕೆರೆಗಳಿಗೆ ಲೆಕ್ಕವಿಲ್ಲ, ಆದ್ರೆ ನನ್ನ ವಾರಗೆಯೋರಿಗೆ ಈಜು ಬರಲ್ಲ. ಕಲಿಯೋಕೆ ನೀರೇ ಇರಲಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿ ಹೋಗ್ತಿದ್ದ ಕಾಲದಲ್ಲಿ ಬೆಳೆದೋರು ನಾವು. ನಮ್ಮಪ್ಪನಿಗೆ ಈಜು ಬರುತ್ತೆ, ನನಗೆ ಬರಲ್ಲ, ಈಗ ನನ್ನ ಮಗನ ಕಣ್ಣೆದುರು ಕೆರೆ ತುಂಬಿದೆ.

ಆದ್ರೆ ತುಂಬಿರೋದು ಯಾವ ನೀರು? 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಒಂದರಿಂದ ಒಂದಕ್ಕೆ ಹರೀತಾ ಬಂತು. ಬೆಂಗಳೂರಿನ ಕೊಳಚೆಯನ್ನ ಎರಡನೇ ಹಂತದ ತನಕ ಶುದ್ಧ ಮಾಡಿ ಕಳಿಸೋ ನೀರು. ಅಂತರ್ಜಲಕ್ಕೆ ಅಂತ ಬಿಟ್ಟಿದ್ದು, ಕುಡಿಯೋಕಲ್ಲ, ಮೀಯೋಕಲ್ಲ. ನನಗೂ ದೋಣಿ ಆಸೆ ಇದೆ. ಆದ್ರೆ ದೋಣಿ ನಡೆಸೋ ಹುಟ್ಟಿನಿಂದ ತೊಟ್ಟಿಕ್ಕೋ ನೀರು ಮಡಿಲಿಗೆ ಬೀಳುತ್ತೆ, ಮಗುಚಿದ್ರೆ ಬಾಯಿಗೂ ಹೋಗುತ್ತೆ. ಚಿಕ್ಕಬಳ್ಳಾಪುರದೋರೂ ಯೋಚಿಸಿ, ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ) ನೀರು ಬರೋ ಕಂದವಾರ ಕೆರೆಯದ್ದೂ ಇದೇ ಕಥೆ. ಇಂಥ ನೀರಲ್ಲಿ ಗೊಬ್ಬರದ ಸತ್ವ ಜಾಸ್ತಿ ಉಳಿದಿರುತ್ತೆ, ಅಂತರಗಂಗೆ, ಪಾಚಿ ಹುಲುಸಾಗಿ ಬೆಳೆಯೋದು ಅದಕ್ಕೇ. ಅದರೊಳಗೆ ದೋಣಿ ನುಗ್ಗಿಸೋದೂ ಕಷ್ಟ.

ಗುಳುಮುಳುಕ, ಚಿಕ್ಕಬಳ್ಳಾಪುರ

ಒಪ್ಪಿದೆ. ಅದಕ್ಕೇ ನಾನು ಕಂದವಾರದಲ್ಲಿ ದಡದಿಂದ ದುರ್ಬೀನು ಹಿಡಿಯೋದಷ್ಟೇ. ಮಳೆನೀರೇ ತುಂಬೋ ಕೆರೆ ಸಿಕ್ಕರೆ ಮಾತ್ರ ದೋಣಿ.

ಹಳೇ ಮೇಷ್ಟ್ರು, ಮಧುಗಿರಿ

ಈ ಚರ್ಚೆ ಓದಿ ಬಹಳ ಸಂತೋಷವಾಯಿತು. ನಮ್ಮ ಸೀಮೆಯಲ್ಲಿ ಕೆರೆ ತುಂಬಿದಾಗ ಹುಡುಗರು ಬಾಳೆದಿಂಡು ನಾಲ್ಕೈದು ಸೇರಿಸಿ ಬಿದಿರುಗೂಟ ತೂರಿಸಿ ತೆಪ್ಪ ಮಾಡುತ್ತಿದ್ದೆವು. ದೇವರ ತೆಪ್ಪೋತ್ಸವಕ್ಕೆ ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಹಾಸುತ್ತಿದ್ದರು. ಹೊಳೆ ಸೀಮೆಯಲ್ಲಿ ಹರಿಗೋಲು. ಅದು ದುಂಡಗಿರುವುದರಿಂದ ಹುಟ್ಟು ಹಾಕಿದಲ್ಲೆಲ್ಲಾ ಗಿರಗಿರ ತಿರುಗುತ್ತದೆ, ಆದರೆ ಬಂಡೆಗೆ ತಾಗಿದರೂ ಜಾರಿಕೊಂಡು ಹೋಗುತ್ತದೆ, ಎದ್ದು ನಿಂತರೂ ಸುಲಭಕ್ಕೆ ಮಗುಚದು. ತಮ್ಮ ದೋಣಿ ಉದ್ದಕ್ಕೆ ಸಪುರವಾಗಿದೆ, ಆದ್ದರಿಂದ ಗುರಿಯಿಟ್ಟಂತೆ ಓಡುತ್ತದೆ, ಅಷ್ಟೇ ಬೇಗ ಅಡ್ಡ ವಾಲುತ್ತದೆ. ಓಟ ಬೇಕೆಂದರೆ ಕೂತೇ ಇರಬೇಕು, ಅದಕ್ಕೂ ಮಂಡಿಯೂರಿ ಕೂತರೆ ಇನ್ನೂ ಭದ್ರ.

ಇಂಥ ದೋಣಿಗೆ ಇಂಗ್ಲಿಷಿನವರು ಕೆನೂ ಎನ್ನುವ ಪದವೂ ಅವರದಲ್ಲ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ಮಾತು, ಸ್ಪ್ಯಾನಿಷ್ ಮೂಲಕ ಬಂದದ್ದು. ನಮಗೆ ದೋಣಿ ಎಂದರೆ ಸಾಕು. ಒಂದು ಹುಟ್ಟಿನಲ್ಲೇ ನೇರ ಹೋಗುವುದು ಹೇಗೆಂದು ತಿಳಿಸಿದರೆ ಉಪಕಾರ.

ಉಳಿಬಾಚಿ, ಗುಬ್ಬಿ ತಾಲ್ಲೂಕು

ಮೇಷ್ಟ್ರೇ, ನಮಸ್ಕಾರ. ನನಗೂ ಮೊದಲ ದಿನ ಅದೇ ಕಷ್ಟ. ಬಲಗಡೆ ಹುಟ್ಟು ಹಾಕಿದ್ರೆ ಮೂತಿ ಎಡಕ್ಕೆ, ಎಡಗಡೆ ಹಾಕಿದ್ರೆ ಬಲಕ್ಕೆ. ಎರಡೂ ಕಡೆ ಬದಲಾಯಿಸಿ ಬದಲಾಯಿಸಿ ದೋಣಿ ತುಂಬಾ ನೀರಾಯ್ತು, ಭುಜ ಬಿದ್ದುಹೋಯ್ತು. ಗುಟ್ಟು ಇರೋದು ಎಳೆತದ ಕೊನೆಯಲ್ಲಿ. ಹುಟ್ಟನ್ನ ಮುಂದೆ ಅದ್ದಿ, ದೋಣಿ ಪಕ್ಕಕ್ಕೇ ಒತ್ತಿಕೊಂಡು ಸೊಂಟದ ತನಕ ಎಳೀಬೇಕು. ಅಲ್ಲಿ ಮೇಲಿನ ಕೈಯ ಹೆಬ್ಬೆರಳು ಕೆಳಕ್ಕೆ ತಿರುಗಿಸಿದ್ರೆ ಹುಟ್ಟಿನ ಹಲಗೆ ನಿಂತ ಬಾಗಿಲಿನ ಹಾಗಾಗುತ್ತೆ. ಆಗ ಒಂಚೂರು ಹೊರಕ್ಕೆ ತಳ್ಳಬೇಕು, ಅಷ್ಟೇ. ಮೂತಿ ವಾಪಸ್ ನೇರಕ್ಕೆ ಬರುತ್ತೆ. ಸರಿಯಾಗಿ ಆದಾಗ ಹುಟ್ಟಿನ ಹಿಂದೆ ಎರಡು ಚಿಕ್ಕ ಸುಳಿ ಬಿಟ್ಟುಕೊಂಡು ಹಿಂದಕ್ಕೆ ಹೋಗ್ತವೆ, ಸದ್ದೇ ಇರಲ್ಲ. ಹುಟ್ಟು ನಾನೇ ಸಿಲ್ವರ್ ಓಕಲ್ಲಿ ಮಾಡಿದ್ದು, ನಿಂತರೆ ಗಲ್ಲದ ತನಕ ಬರುತ್ತೆ.

ತೂಬು, ತುಮಕೂರು

ನಾನು ನೀರಾವರಿ ಕೆಲಸದಲ್ಲಿ ಇದ್ದು ನಿವೃತ್ತನಾದವನು. ಕೆಲವು ವಿಷಯ ಸ್ಪಷ್ಟ ಮಾಡುತ್ತೇನೆ. ಅಚ್ಚುಕಟ್ಟು, ಅಂದರೆ ಕೆರೆ ನೀರು ಹಾಯುವ ಜಮೀನು, 40 ಹೆಕ್ಟೇರ್‌ನಿಂದ 2000 ಹೆಕ್ಟೇರ್ ಇರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಯವು, ಅದಕ್ಕೂ ಚಿಕ್ಕವು ಪಂಚಾಯತ್ ರಾಜ್ ಕಡೆಗೆ ಸೇರುತ್ತವೆ. ಮೊದಲು ಯಾರ ಕೆರೆ ಎಂದು ತಿಳಿದು ಅವರನ್ನೂ ಗ್ರಾಮ ಪಂಚಾಯಿತಿಯನ್ನೂ ಕೇಳಿ. ಮೀನಿನ ಹಕ್ಕು ಗುತ್ತಿಗೆ ಹಿಡಿದವರನ್ನು ತಪ್ಪದೇ ಕೇಳಿ. ಬುಗುಡನಹಳ್ಳಿಯಂಥ ಕುಡಿಯುವ ನೀರಿನ ಕೆರೆಯಲ್ಲಿ ದೋಣಿ ಇಳಿಸುವ ಯೋಚನೆಯೇ ಬೇಡ.

ಇನ್ನು ಜೀವಕ್ಕೆ ಸಂಬಂಧಿಸಿದ್ದು. ತೂಬು ಎತ್ತಿದಾಗ ಮೇಲೆ ನೀರು ಕದಲಿದಂತೆಯೂ ಕಾಣುವುದಿಲ್ಲ, ಕೆಳಗೆ ಸೆಳೆತ ಭಯಂಕರ ಇರುತ್ತದೆ. ತೂಬಿನ ಕಲ್ಲುಗಂಬದಿಂದ ದೂರ ಇರಿ. ಕೋಡಿ ಹರಿಯುವಾಗ ಕೋಡಿ ಕಡೆ ಹೋಗಬೇಡಿ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಸೈಫನ್ ಇದೆ, ನೀರಿನ ಮಟ್ಟ ಏರಿದರೆ ಯಾರೂ ಗೇಟು ಎತ್ತದೆ ತಾನಾಗಿಯೇ ನೀರು ಹೊರಹಾಕಲು ಶುರುಮಾಡುತ್ತದೆ. ಅಂಥ ಕಡೆ ದೋಣಿಗೆ ಎಚ್ಚರಿಕೆ ಕೊಡಲು ಯಾರೂ ನಿಂತಿರುವುದಿಲ್ಲ. ನಾಲೆಗಂತೂ ಇಳಿಯಲೇಬಾರದು. ಸಿಮೆಂಟ್ ಇಳಿಜಾರು, ಪಾಚಿ, ಹಿಡಿದುಕೊಳ್ಳಲು ಒಂದು ಹುಲ್ಲೂ ಇಲ್ಲ.

ಜಾಲಿ ಬೊಡ್ಡೆ ಎಲ್ಲಿಂದ ಬಂತು ಎಂಬುದೂ ಗೊತ್ತಿರಲಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಎಂದು ಬಹಳ ಕೆರೆಗಳ ಅಂಗಳದಲ್ಲಿ ಜಾಲಿ ನೆಟ್ಟರು. ಸಾಲಾಗಿ ನೆಟ್ಟಿದ್ದು. ಆಮೇಲೆ ಸೌದೆಗೆ ಹರಾಜು ಹಾಕಿ ಕಡಿದರು, ಬುಡ ಬಿಟ್ಟರು. ಒಂದು ಬೊಡ್ಡೆ ಸಿಕ್ಕಿತೆಂದರೆ ಅದೇ ಸಾಲಿನಲ್ಲಿ ಇನ್ನೊಂದು ಇದ್ದೇ ಇರುತ್ತದೆ. ನೆಟ್ಟ ಕಾಲದ ನೀರಗಂಟಿ (ಕೆರೆ ನೀರು ಬಿಡುತ್ತಿದ್ದವರು) ಯಾರಾದರೂ ಊರಲ್ಲಿ ಬದುಕಿದ್ದರೆ ಅವರೇ ನಿಮ್ಮ ನಕ್ಷೆ.

ಅಡಿಕೆದಬ್ಬೆ, ಚಿಕ್ಕನಾಯಕನಹಳ್ಳಿ

ನಾನು ಅಂಚುಪಟ್ಟಿಗೆ ಅಡಿಕೆ ದಬ್ಬೆ ಹಾಕಬಹುದಾ ಅಂತ ಯೋಚಿಸ್ತಿದ್ದೆ. ಚೆನ್ನಾಗಿ ಬಾಗುತ್ತೆ, ಮನೇಲೇ ಇದೆ.

ಉಳಿಬಾಚಿ, ಗುಬ್ಬಿ ತಾಲ್ಲೂಕು

ಬಾಗೋದು ನಿಜ, ಆದ್ರೆ ಒಳಮೈ ನಾರು ನೀರು ಕುಡಿದು ಬೇಗ ಕೊಳೆಯುತ್ತೆ, ಸ್ಕ್ರೂ ಹಿಡಿಯಲ್ಲ. ತೇಗದ ಬೀಡಿಂಗೇ ಹಾಕಿ, ಎರಡು ತೆಳು ಪಟ್ಟಿ ಅಂಟಿಸಿ ಬಗ್ಗಿಸಿದ್ರೆ ಮುರಿಯಲ್ಲ. ದಬ್ಬೇನ ಒಳಗೆ ಕಾಲಡಿ ಹಾಸೋಕೆ ಇಡಿ, ಒದ್ದೆಯಾದ್ರೆ ತೆಗೆದು ಒಣಗಿಸಬಹುದು.

ತೂಬು ಸರ್, ನಿಮ್ಮ ಮಾತು ಮನಸ್ಸಿಗೆ ನಾಟ್ತು. ಮೀನಿನ ಗುತ್ತಿಗೆಯೋರ ಹತ್ರ ನಾನು ಮೊದಲೇ ಹೋಗಿರಲಿಲ್ಲ. ಅವರೇ ಬಂದು ಬೈದರು, ‘ಬಲೆ ಹರಿದ್ರೆ ಯಾರು ಕಟ್ಕೊಡ್ತಾರೆ’ ಅಂತ. ಅವರ ಹೊಟ್ಟೆಪಾಡು ಅದು. ಕ್ಷಮೆ ಕೇಳಿದೆ. ಬಲೆ ಬಿಟ್ಟಿರೋ ದಿನ ಎರಡು ತುದಿಗೂ ಬಾಟ್ಲಿ ಕಟ್ತೀವಿ, ಆ ಕಡೆ ಬರಬೇಡ ಅಂದಿದ್ದಾರೆ.

ಇಬ್ಬರ ತಾಯಿ, ತಿಪಟೂರು

ಗಾಳಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ತೂಬು, ತುಮಕೂರು

ಒಳ್ಳೆಯ ಪ್ರಶ್ನೆ ತಾಯಿ. ಆಷಾಢದಲ್ಲಿ ಬೇಡವೇ ಬೇಡ, ಪಡುವಣ ಗಾಳಿ ಏರಿಗೆ ಅಲೆ ಬಡಿಸುತ್ತದೆ. ಕಾರ್ತಿಕದಿಂದ ಮಾಘದವರೆಗೆ, ಬೆಳಗ್ಗೆ ಒಂಬತ್ತರೊಳಗೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಬೇಕು. ಆಗ ಸುಸ್ತಾದ ಮೇಲೆ ಗಾಳಿಯೇ ಮನೆಕಡೆ ತಳ್ಳುತ್ತದೆ. ತಿರುಗಮುರುಗ ಮಾಡಿದವರೇ ನಡುನೀರಲ್ಲಿ ಸಿಕ್ಕಿಕೊಳ್ಳುವುದು.

ಉಳಿಬಾಚಿ, ಗುಬ್ಬಿ ತಾಲ್ಲೂಕು

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳಬೇಕು. ಕುದಿಸಿದ ಚೂರು ಬಿಡಲಿಲ್ಲ, ನಾರು ಹರಿದು ಬಂತು, ಪ್ಲೈ ಸಾಚಾ. ತಳಕ್ಕೆ ಗ್ಲಾಸ್ ಬಟ್ಟೆ, ಮೂರು ರೀಪರ್ ಆಯ್ತು, ತೂಕ 38 ಕೆ.ಜಿ.ಗೆ ಹೋಯ್ತು.

ಆಮೇಲೆ ನಮ್ಮೂರ ಹಳೇ ನೀರಗಂಟಿ ತಾತನ ಮನೆಗೆ ಹೋದೆ. ಎಂಬತ್ತರ ಹತ್ತಿರ. ವಿಷಯ ಹೇಳಿದ್ದಕ್ಕೆ, ‘ನೆಟ್ಟೋರಲ್ಲಿ ನಾನೂ ಒಬ್ಬ ಕಣಪ್ಪ, ಎರಡು ಮಾರಿಗೊಂದು ಗುಂಡಿ’ ಅಂದ್ರು. ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ, ಕರ್ಕೊಂಡು ಹೋಗು ಅಂತ ಅವರೇ ಎದ್ದರು. ಮಗ, ಸೊಸೆ ಬೇಡ ಅಂದ್ರೂ ಕೇಳಲಿಲ್ಲ. ಜಾಕೆಟ್ ಹಾಕಿ, ಮುಂದೆ ದಬ್ಬೆ ಹಾಸಿ ಕೂರಿಸಿದೆ. ಮೀನಿನ ಗುತ್ತಿಗೆಯೋರು ತಮ್ಮ ತೆಪ್ಪದಲ್ಲಿ ಜೊತೆಗೇ ಬಂದ್ರು. ಅವರ ಬಲೆ ಹರಿಯೋದೂ ಅದೇ ಬೊಡ್ಡೆಗಳಿಗೆ. ಇಪ್ಪತ್ತು ಲೀಟರಿನ ಹಳೇ ಎಣ್ಣೆ ಕ್ಯಾನುಗಳನ್ನೂ ಹಗ್ಗವನ್ನೂ ಅವರೇ ತಂದಿದ್ದರು.

ತಾತ ನೀರು ನೋಡ್ತಿರಲಿಲ್ಲ. ಏರಿ ಮೇಲಿನ ಆಲದಮರ ನೋಡೋರು, ಆ ಕಡೆ ದೇವಸ್ಥಾನದ ಗೋಪುರ ನೋಡೋರು, ‘ಎಡಕ್ಕೆ, ಇನ್ನೊಂಚೂರು, ನಿಲ್ಲಿಸು’ ಅನ್ನೋರು. ನಾನು ಬಿದಿರಿನ ಗಳ ಇಳಿಸಿದ್ರೆ ಟಕ್ ಅಂತ ಬೊಡ್ಡೆಗೆ ತಾಗೋದು. ಒಂದೆರಡಲ್ಲ, ಮೊದಲ ಹನ್ನೊಂದು ಸಲವೂ ಹಾಗೇ ಆಯ್ತು. ಮಧ್ಯಾಹ್ನದೊಳಗೆ 31 ಬೊಡ್ಡೆಗೆ ಕ್ಯಾನು ಕಟ್ಟಿದ್ವಿ.

ಒಂದು ಕಡೆ ಮಾತ್ರ ಬೊಡ್ಡೆ ಇರಲಿಲ್ಲ, ಆದ್ರೂ ನಿಲ್ಲಿಸು ಅಂದ್ರು. ಇಲ್ಲಿ ದನ ನೀರು ಕುಡಿಯೋ ಕಲ್ಲುಬಾನಿ ಇತ್ತು, ಕೆರೆ ಬತ್ತಿದ ವರ್ಷ ನಾನೇ ಬಿಂದಿಗೇಲಿ ತಂದು ತುಂಬಿಸ್ತಿದ್ದೆ ಅಂದ್ರು. ತೋಳು ಮಡಿಚಿ ಮೊಣಕೈ ತನಕ ಕೈ ನೀರೊಳಗೆ ಬಿಟ್ಟುಕೊಂಡು ಸುಮಾರು ಹೊತ್ತು ಕೂತಿದ್ರು. ನಾನು ದೋಣಿ ಅಲುಗದ ಹಾಗೆ ಹುಟ್ಟು ಅಡ್ಡ ಹಿಡಿದುಕೊಂಡಿದ್ದೆ.

ದಡಕ್ಕೆ ಬಂದು ಕೈಹಿಡಿದು ಇಳಿಸುವಾಗ ಕೇಳಿದ್ರು: ‘ನಾಳೆ ಬರ್ತೀಯೇನಪ್ಪ? ಮೂಡ್ಲ ಕಡೆ ಇನ್ನೂ ಎರಡು ಸಾಲು ಐತೆ.’